ಸುರಪುರದ ಬೆಟ್ಟದ ಮೇಲೆ

ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ವಾಡಿ ಜಂಕ್ಷನ್ನನ್ನು ದಾಟಿ ರಾಯಚೂರಿನ ಕಡೆಗೆ ಸಾಗುವ ಪ್ರಯಾಣಿಕನು ಕಿಟಕಿಯಿಂದ ಹೊರಗೆ ಕಣ್ಣು ಹಾಯಿಸಿದರೆ, ಯಾದಗಿರಿಯ ನಿಲ್ದಾಣವು ಸಮೀಪಿಸುತ್ತಿರುವಂತೆಯೇ ಊರಿನ ನಡುವೆ ಎದ್ದು ನಿಂತ ಬಂಡೆಗಲ್ಲಿನ ಬೆಟ್ಟವೊಂದು ಕಾಣಿಸುತ್ತದೆ. ಬೆಟ್ಟದ ಮೈಯನ್ನು ಬಳಸಿ ಕೋಟೆಯ ಗೋಡೆಗಳು ಹಬ್ಬಿವೆ. ಯಾದವರ ಗಿರಿಯೇ ಯಾದಗಿರಿಯಾಯಿತೆಂದು ಹೇಳುತ್ತಾರೆ. ಚಾಲುಕ್ಯರು, ಯಾದವರು, ಬಹಮನಿ ಸುಲ್ತಾನರು, ಬಿಜಾಪುರದ ಆದಿಲಶಾಹಿಗಳು ಒಬ್ಬರಾದ ಮೇಲೊಬ್ಬರು ಈ ಬೆಟ್ಟವನ್ನು ಹಿಡಿದು, ಕಟ್ಟಿ, ಬಲಪಡಿಸಿ, ಕೊನೆಗೆ ಬಿಟ್ಟುಹೋದರು. ಪ್ರಯಾಣಿಕನು ಒಂದು ಕ್ಷಣ ಅದನ್ನು ನೋಡುತ್ತಾನೆ. ಅಷ್ಟರಲ್ಲಿ ಗಾಡಿ ಹೊರಡುತ್ತದೆ. ಬಿಸಿಲು ಕಾಯುವ ಈ ಬಯಲಿನಲ್ಲಿ ಇಳಿದು ನೋಡತಕ್ಕದ್ದೇನಿದ್ದೀತು ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು.

ಆದರೆ ಒಮ್ಮೆ ಇಲ್ಲಿ ಇಳಿದು, ಪಶ್ಚಿಮಕ್ಕೆ ತಿರುಗಿ, ಭೀಮಾನದಿಯ ಸೇತುವೆಯನ್ನು ದಾಟಿ ನೋಡಬೇಕು. ಭೀಮೆಗೂ ಕೃಷ್ಣೆಗೂ ನಡುವೆ ಚಾಚಿಕೊಂಡಿರುವ ಈ ನಾಡಿಗೆ ಸಗರನಾಡೆಂದು ಹೆಸರು. ಕರಿಯ ಮಣ್ಣಿನ ಹೊಲಗಳು, ಜೋಳ, ತೊಗರಿ, ಹತ್ತಿಯ ಬೆಳೆಗಳು, ನಡುನಡುವೆ ಯಾರೋ ದೈತ್ಯರು ಆಟವಾಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಪೇರಿಸಿದ ಬಂಡೆಗಳ ಗುಡ್ಡಗಳು. ಮಲೆನಾಡಿನ ಹಸಿರು ಇಲ್ಲಿಲ್ಲ. ಆದರೂ ಬೆಳಗಿನ ಎಳೆಬಿಸಿಲಿನಲ್ಲಿ ಆ ಬಂಡೆಗಳು ನಸುಗೆಂಪಾಗಿ ಹೊಳೆಯುವುದನ್ನೂ, ಸಂಜೆಯ ಹೊತ್ತು ನೀಲಿಗಟ್ಟಿ ದೂರ ಸರಿಯುವುದನ್ನೂ ಒಮ್ಮೆ ಕಂಡವರು ಈ ಸೀಮೆಯನ್ನು ಬರಡೆಂದು ಕರೆಯಲಾರರು.

ಮಲಗಿದ ಬುದ್ಧ

ಶಹಾಪುರವನ್ನು ಸಮೀಪಿಸುತ್ತಿದ್ದಂತೆ ದಿಗಂತದಲ್ಲಿ ಒಂದು ಸೋಜಿಗವು ಕಾಣಿಸುತ್ತದೆ. ಬೆಟ್ಟಸಾಲಿನ ಮೇಲಂಚು ಮೆಲ್ಲಮೆಲ್ಲನೆ ಮನುಷ್ಯಾಕೃತಿಯನ್ನು ತಳೆಯುತ್ತದೆ. ಹಣೆ, ಮೂಗು, ತುಟಿ, ಗಲ್ಲ, ಎದೆ, ಚಾಚಿದ ಕಾಲು. ಅಂಗಾತ ಮಲಗಿ ನಿದ್ರಿಸುತ್ತಿರುವ ಮಹಾಪುರುಷನೊಬ್ಬನ ಪಾರ್ಶ್ವರೂಪವದು. ಜನರು ಇದನ್ನು ‘ಮಲಗಿದ ಬುದ್ಧ’ ಎಂದು ಕರೆಯುತ್ತಾರೆ. ಯಾವ ಶಿಲ್ಪಿಯ ಉಳಿಯೂ ಇದನ್ನು ಮುಟ್ಟಿಲ್ಲ; ಗಾಳಿ, ಮಳೆ, ಬಿಸಿಲುಗಳೇ ಕಡೆದ ಮೂರ್ತಿಯಿದು. ಇಲ್ಲಿಂದ ಬಹು ದೂರವಿಲ್ಲದ, ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನವೂ, ನೆರೆಯ ಕನಗನಹಳ್ಳಿಯಲ್ಲಿ ಅವನ ಹೆಸರನ್ನೇ ಕೆತ್ತಿದ ಶಿಲ್ಪವುಳ್ಳ ಬೌದ್ಧ ಸ್ತೂಪದ ಅವಶೇಷಗಳೂ ದೊರೆತಿರುವುದನ್ನು ನೆನೆದರೆ, ಜನರಿಟ್ಟ ಈ ಹೆಸರು ಎಷ್ಟು ಒಪ್ಪುತ್ತದೆಯೆಂದು ಅನ್ನಿಸದೆ ಇರದು.

ಒಂದು ಮಾತನ್ನು ಮಾತ್ರ ಮರೆಯಬಾರದು. ಈ ಬುದ್ಧನನ್ನು ದೂರದಿಂದಲೇ ನೋಡಬೇಕು. ಹತ್ತಿರ ಹೋದಂತೆ ಹಣೆಯು ಬಂಡೆಯಾಗಿ, ಎದೆಯು ದಿಣ್ಣೆಯಾಗಿ, ಮೂರ್ತಿಯು ಕರಗಿಹೋಗುತ್ತದೆ. ನಿಂತ ಜಾಗಕ್ಕೆ ತಕ್ಕಂತೆ ಬೆಟ್ಟವು ರೂಪ ಬದಲಿಸುತ್ತದೆ. ಮುಂದೆ ಸುರಪುರದ ಬೆಟ್ಟವನ್ನು ಏರಿದಾಗ ಈ ಮಾತು ಇನ್ನೊಂದು ಬಗೆಯಲ್ಲಿ ನಮ್ಮ ನೆನಪಿಗೆ ಬರಲಿದೆ.

ಶಹಾಪುರದ ಬೆಟ್ಟದ ಮೇಲೂ ಕೋಟೆಯಿದೆ. ಸಮೀಪದಲ್ಲೇ ಈ ನಾಡಿಗೆ ಹೆಸರು ಕೊಟ್ಟ ಸಗರ ಗ್ರಾಮವಿದೆ. ಸೂಫಿ ಸರಮಸ್ತರ ದರ್ಗಾ ಅಲ್ಲಿಯೇ. ಒಂದಾನೊಂದು ಕಾಲಕ್ಕೆ ಸಗರವು ಬೇಡ ನಾಯಕರ ರಾಜಧಾನಿಯಾಗಿತ್ತು. ಬಿಜಾಪುರದ ಸುಲ್ತಾನರಿಗೆ ಬೆಂಬಲವಾಗಿ ನಿಂತಿದ್ದ ಪಾಮ ನಾಯಕನು, ಬಿಜಾಪುರ ಮತ್ತು ಗೋಲ್ಕೊಂಡಗಳು ಬಿದ್ದ ಬಳಿಕ, ೧೬೮೭ರಲ್ಲಿ ಸಗರವನ್ನು ಔರಂಗಜೇಬನಿಗೆ ಒಪ್ಪಿಸಬೇಕಾಯಿತು. ಆದರೆ ಊರನ್ನು ಕಳೆದುಕೊಂಡ ಮಾತ್ರಕ್ಕೆ ಬೇಡರು ಸೋತರೆಂದು ಬಗೆದದ್ದು ಬಾದಶಹನ ತಪ್ಪು.

ಚಕ್ರವರ್ತಿಯ ಕೊನೆಯ ಮುತ್ತಿಗೆ

ಶಹಾಪುರದಿಂದ ದಕ್ಷಿಣಕ್ಕೆ ಸಾಗಿದರೆ ಸುರಪುರವು ಸಿಗುತ್ತದೆ. ಊರು ಒಮ್ಮೆಲೇ ಕಣ್ಣಿಗೆ ಬೀಳುವುದಿಲ್ಲ. ಸುತ್ತಲೂ ಗುಡ್ಡಗಳು ಕೈಹಿಡಿದು ನಿಂತಂತಿವೆ. ಅವುಗಳ ತೋಳಿನೊಳಗೆ ಊರು ಅಡಗಿದೆ. ಶತ್ರುವಿಗೆ ಹಾದಿ ತಿಳಿಯಬಾರದು, ತನ್ನವರಿಗೆ ತಪ್ಪಬಾರದು ಎಂದು ಬಯಸಿದವರು ಆರಿಸಿಕೊಂಡ ಸ್ಥಳವೆಂಬುದು ನೋಡಿದ ಕೂಡಲೇ ಮನವರಿಕೆಯಾಗುತ್ತದೆ.

ಆದರೆ ನಾಯಕರು ಇಲ್ಲಿಗೆ ಬರುವ ಮೊದಲು ಅವರ ನೆಲೆಯಿದ್ದುದು ನೆರೆಯ ವಾಗಣಗೇರಿಯಲ್ಲಿ. ಸಗರವು ಹೋದ ಮೇಲೆ ಪಿಡ್ಡ ನಾಯಕನು ಅಲ್ಲಿಯ ಬೆಟ್ಟದ ಕೋಟೆಯನ್ನು ಬಲಪಡಿಸಿಕೊಂಡು ಮೊಗಲರಿಗೆ ಮಗ್ಗುಲ ಮುಳ್ಳಾದನು. ಬೇಡರ ಗುರಿ ತಪ್ಪದ ಬಂದೂಕುಗಳ ಕೀರ್ತಿಯು ದಕ್ಷಿಣದಲ್ಲೆಲ್ಲ ಹಬ್ಬಿತ್ತು. ೧೭೦೫ರ ಫೆಬ್ರುವರಿಯಲ್ಲಿ ಔರಂಗಜೇಬನೇ ಸ್ವತಃ ದಂಡೆತ್ತಿ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದನು. ಆಗ ಅವನಿಗೆ ಎಂಬತ್ತಾರು ವಯಸ್ಸು. ಕಾಬೂಲಿನಿಂದ ತಮಿಳು ದೇಶದವರೆಗೆ ಯಾರ ಹೆಸರಿಗೆ ದೊರೆಗಳು ನಡುಗುತ್ತಿದ್ದರೋ ಅವನು, ಒಬ್ಬ ನಾಯಕನ ಬೆಟ್ಟದ ಮುಂದೆ ಎರಡೂವರೆ ತಿಂಗಳು ಕಾಯಬೇಕಾಯಿತು. ಧನಾಜಿ ಜಾಧವನ ಮರಾಠಾ ಸೈನ್ಯವು ಬೇಡರ ನೆರವಿಗೆ ಬಂದಿತು. ಜುಲ್ಫಿಕರ್ ಖಾನನು ಬಾದಶಹನ ನೆರವಿಗೆ ಓಡಿಬಂದನು. ಏಪ್ರಿಲ್ ಕೊನೆಯಲ್ಲಿ ಮೊಗಲರು ಕೋಟೆಯನ್ನು ಹೊಕ್ಕಾಗ ಅಲ್ಲಿ ನಾಯಕನಿರಲಿಲ್ಲ. ರಾತ್ರಿಯ ಕತ್ತಲಲ್ಲಿ ಬೇಡರು ಮರೆಯಾಗಿದ್ದರು. ಉಳಿದದ್ದು ಬೆಂಕಿ ಮತ್ತು ಹೊಗೆ.

ಇದೇ ಆ ಚಕ್ರವರ್ತಿಯ ಕೊನೆಯ ಮುತ್ತಿಗೆ. ಗೆದ್ದವನು ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟು ತೀವ್ರವಾದ ಕಾಯಿಲೆಯಿಂದ ಹಾಸಿಗೆ ಹಿಡಿದನು. ತಿಂಗಳುಗಟ್ಟಲೆ ಅಲ್ಲಿಯೇ ಕಳೆದು, ಅಹಮದನಗರಕ್ಕೆ ಮರಳಿ, ೧೭೦೭ರಲ್ಲಿ ಕಣ್ಣುಮುಚ್ಚಿದನು. ಸೋತವನಾದರೋ ಗುಡ್ಡಗಳ ನಡುವೆ ಹೊಸ ರಾಜಧಾನಿಯನ್ನು ಕಟ್ಟಿದನು. ಅದೇ ಸುರಪುರ.

ಬೆಟ್ಟದ ಮೇಲಿನ ಬಂಗಲೆ

ಊರೊಳಗೆ ನಾಯಕರ ಅರಮನೆಯಿದೆ, ವೇಣುಗೋಪಾಲಸ್ವಾಮಿಯ ದೇವಾಲಯವಿದೆ. ಗೋಕುಲಾಷ್ಟಮಿಯ ಬಳಿಕ ಆ ಸ್ವಾಮಿಯ ಜಾತ್ರೆಯಲ್ಲಿ ಜಾರುವ ಎತ್ತರದ ಕಂಬಗಳನ್ನು ಏರುವ ಸಾಹಸವನ್ನು ನೋಡಲು ಸುತ್ತಲಿನ ಹಳ್ಳಿಗಳೆಲ್ಲ ನೆರೆಯುತ್ತವೆ. ಈ ಅರಸರ ಆಶ್ರಯದಲ್ಲಿಯೇ ಗರುಡಾದ್ರಿ ಮನೆತನದ ಕಲಾವಿದರು ಚಿನ್ನದ ಲೇಪದ ಸೂಕ್ಷ್ಮ ಚಿತ್ರಗಳನ್ನು ಬರೆದು ‘ಸುರಪುರ ಶೈಲಿ’ ಎಂಬ ಹೆಸರನ್ನು ಉಳಿಸಿದರು. ಇವೆಲ್ಲವನ್ನು ನೋಡಿ ಮುಗಿಸಿದ ಮೇಲೆ ಗುಡ್ಡವನ್ನೇರಬೇಕು. ಮೇಲೆ ಒಂದು ಬಂಗಲೆಯಿದೆ. ಜನರು ಅದನ್ನು ‘ಟೇಲರ್ ಮಂಜಿಲ್’ ಎನ್ನುತ್ತಾರೆ.

ಫಿಲಿಪ್ ಮೆಡೋಸ್ ಟೇಲರನು ೧೮೦೮ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದರ ಎಳೆಹರೆಯದಲ್ಲಿ ಮುಂಬಯಿಗೆ ಬಂದು, ಸ್ವಲ್ಪ ಕಾಲದಲ್ಲೇ ಹೈದರಾಬಾದಿನ ನಿಜಾಮನ ಸೇನೆಯನ್ನು ಸೇರಿದನು. ಠಕ್ಕರ ಕುರಿತು ಅವನು ಬರೆದ ಕಾದಂಬರಿಯು ೧೮೩೯ರಲ್ಲಿ ಪ್ರಕಟವಾಗಿ ಅವನಿಗೆ ದೊಡ್ಡ ಹೆಸರನ್ನು ತಂದಿತು. ಇತ್ತ ಸುರಪುರದಲ್ಲಿ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡು, ಏಳೆಂಟು ವಯಸ್ಸಿನ ಮಗ ವೆಂಕಟಪ್ಪ ನಾಯಕನು ಗಾದಿಗೆ ವಾರಸುದಾರನಾದನು. ನಿಜಾಮನಿಗೆ ಸಲ್ಲಬೇಕಾದ ನಜರಾಣೆಯ ಬಾಕಿ ಬೆಟ್ಟದಷ್ಟು ಬೆಳೆದಿತ್ತು. ಸಾಲಗಾರರು ಬಾಗಿಲಲ್ಲಿದ್ದರು. ರಾಣಿ ಈಶ್ವರಮ್ಮನ ಪಕ್ಷವೊಂದು, ಮೃತ ರಾಜನ ತಮ್ಮನ ಪಕ್ಷವಿನ್ನೊಂದು. ಇಂಥ ಇಕ್ಕಟ್ಟಿನಲ್ಲಿ ಸಂಸ್ಥಾನದ ಆಡಳಿತವನ್ನು ಸರಿಪಡಿಸಲು ಬ್ರಿಟಿಷರು ಟೇಲರನನ್ನು ಕಳುಹಿಸಿದರು. ೧೮೪೧ರಿಂದ ೧೮೫೩ರವರೆಗೆ, ಹೆಚ್ಚು ಕಡಿಮೆ ಹನ್ನೆರಡು ವರ್ಷ, ಅವನು ಇಲ್ಲಿದ್ದನು. ಬೆಟ್ಟದ ಮೇಲೆ ಮನೆ ಕಟ್ಟಿದನು. ರಸ್ತೆಗಳನ್ನು ಮಾಡಿಸಿದನು, ಕೆರೆಗಳತ್ತ ಗಮನ ಕೊಟ್ಟನು, ಕಂದಾಯವನ್ನು ಕ್ರಮಕ್ಕೆ ತಂದನು.

ಆ ಹುಡುಗನಿಗೆ ಅವನೇ ಪಾಲಕನಾದನು. ತಂದೆಯಿಲ್ಲದ ಬಾಲರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಟೇಲರನು ಕೂಡ ಅವನನ್ನು ಪ್ರೀತಿಸಿದನೆಂಬುದರಲ್ಲಿ ಸಂದೇಹವಿಲ್ಲ; ಅವನ ಆತ್ಮಕಥೆಯಲ್ಲಿ ಸುರಪುರದ ಪುಟಗಳಷ್ಟು ಆರ್ದ್ರವಾದವು ಬೇರೆ ಸಿಗುವುದು ಕಷ್ಟ. ಆದರೆ ಆ ಪ್ರೀತಿಯ ಹಿಂದೆ ಅಧಿಕಾರವೂ ನಿಂತಿತ್ತು. ಅಪ್ಪನಾದವನು ಪರರಾಜ್ಯದ ಪ್ರತಿನಿಧಿಯೂ ಹೌದು. ಮಗನಾದವನು ಔರಂಗಜೇಬನಿಗೂ ಸಿಕ್ಕದ ವಂಶದ ಕುಡಿಯೂ ಹೌದು. ಬಂಗಲೆಯ ಅಂಗಳದಲ್ಲಿ ನಿಂತು ಕೆಳಗಿನ ಊರನ್ನು ನೋಡುವಾಗ, ಈ ಎತ್ತರದಿಂದ ಪಾಲಕನ ಕಣ್ಣು ಅರಮನೆಯ ಮೇಲೆ ಸದಾ ಇದ್ದಿರಬೇಕು ಎಂಬ ಭಾವನೆಯು ತಾನಾಗಿ ಮೂಡುತ್ತದೆ.

೧೮೫೩ರಲ್ಲಿ ರಾಜನು ಪ್ರಾಯಕ್ಕೆ ಬಂದನು. ಆಡಳಿತವನ್ನು ಅವನ ಕೈಗೊಪ್ಪಿಸಿ ಟೇಲರನು ಬೇರೆ ಜಿಲ್ಲೆಗೆ ಹೊರಟುಹೋದನು.

೧೮೫೮ರ ಫೆಬ್ರುವರಿ

ನಾಲ್ಕು ವರ್ಷಗಳಲ್ಲಿ ಉತ್ತರ ಭಾರತವು ಹೊತ್ತಿ ಉರಿಯಿತು. ಅದರ ಕಿಡಿಗಳು ದಕ್ಷಿಣಕ್ಕೂ ಹಾರಿದವು. ಸುರಪುರದ ರಾಜನು ಅರಬರನ್ನೂ ರೋಹಿಲರನ್ನೂ ಸೇನೆಗೆ ಸೇರಿಸಿಕೊಳ್ಳುತ್ತಿದ್ದಾನೆ, ಬಂಡಾಯಗಾರರೊಡನೆ ಸಂಪರ್ಕವಿಟ್ಟುಕೊಂಡಿದ್ದಾನೆ ಎಂಬ ವರದಿಗಳು ಹೈದರಾಬಾದಿನ ರೆಸಿಡೆಂಟನನ್ನು ಮುಟ್ಟಿದವು. ಎಚ್ಚರಿಕೆ ಹೇಳಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ಲನು ಬಂದನು. ಲಿಂಗಸೂಗೂರಿನಿಂದ ದಂಡು ಬಂದಿತು. ಫೆಬ್ರುವರಿ ೭ರ ರಾತ್ರಿ ಬೇಡರು ದಂಡಿನ ಮೇಲೆ ಬಿದ್ದರು. ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಸತ್ತನು. ಆದರೆ ಇನ್ನಷ್ಟು ಪಡೆಗಳು ಧಾವಿಸಿ ಬರುತ್ತಿದ್ದವು. ರಾತ್ರಿಯಲ್ಲಿ ರಾಜನು ಕೆಲವೇ ಸವಾರರೊಡನೆ ಊರು ಬಿಟ್ಟನು. ನೂರೈವತ್ತು ವರ್ಷಗಳ ಹಿಂದೆ ಅವನ ಪೂರ್ವಿಕನು ವಾಗಣಗೇರಿಯಿಂದ ಹೊರಬಿದ್ದಂತೆಯೇ! ಆದರೆ ಆ ಪೂರ್ವಿಕನಿಗೆ ಸೇರಲು ಇನ್ನೊಂದು ಗುಡ್ಡವಿತ್ತು, ಇವನಿಗೆ ಇರಲಿಲ್ಲ. ಇವನು ಸೇರಿದ್ದು ಹೈದರಾಬಾದನ್ನು. ಅಲ್ಲಿ ಸಾಲಾರ್ ಜಂಗನ ಜನರ ಕೈಗೆ ಸಿಕ್ಕಿ ಸೆರೆಯಾಳಾದನು.

ಟೇಲರನು ಅವನನ್ನು ಸೆರೆಯಲ್ಲಿ ಕಂಡನು. ‘ಅಪ್ಪಾ’ ಎಂದು ಬಂದು ತಬ್ಬಿಕೊಂಡ ರಾಜನು, ಪ್ರಾಣಕ್ಕಾಗಿ ಬೇಡಲಿಲ್ಲವಂತೆ. ತನ್ನನ್ನು ಪ್ರೇರಿಸಿದವರ ಹೆಸರುಗಳನ್ನು ಹೇಳಲು ಅವನು ಒಪ್ಪಲಿಲ್ಲ. ಕೇಳಿಕೊಂಡದ್ದು ಒಂದೇ: ತಾನು ಕಳ್ಳನಲ್ಲ, ನೇಣು ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ. ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲನು ಇನ್ನೂ ಇಳಿಸಿ, ನಾಲ್ಕು ವರ್ಷ ಚೆಂಗಲ್ಪಟ್ಟಿನ ಸೆರೆವಾಸವೆಂದು ತೀರ್ಮಾನಿಸಿದನು. ಒಳ್ಳೆಯ ನಡತೆಯಿದ್ದರೆ ರಾಜ್ಯವೂ ಮರಳಿ ದೊರೆಯಬಹುದಾಗಿತ್ತು.

ಇಷ್ಟರಲ್ಲಿ ಟೇಲರನನ್ನು ಮತ್ತೆ ಸುರಪುರದ ಆಡಳಿತಕ್ಕೆ ನೇಮಿಸಲಾಯಿತು. ಒಡೆಯನಿಲ್ಲದ ಊರಿಗೆ ಅವನು ಹಿಂದಿರುಗಿದನು. ಅಲ್ಲಿ ನಡೆದ ಒಂದು ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ. ರಾಜನು ಹುಟ್ಟಿದಾಗ ಬರೆದ ಜಾತಕದಲ್ಲಿ, ಇಪ್ಪತ್ತನಾಲ್ಕನೆಯ ವರ್ಷವನ್ನು ಅವನು ದಾಟಲಾರನೆಂದು ಹೇಳಿತ್ತಂತೆ. ಈ ಗುಟ್ಟನ್ನು ಟೇಲರನು ಬಹಳ ಹಿಂದೆಯೇ ಕೇಳಿದ್ದನು. ಶಿಕ್ಷೆ ಇಳಿದ ಸುದ್ದಿ ಬಂದಾಗ, ಜಾತಕ ಸುಳ್ಳಾಯಿತೆಂದು ಅವನು ಹಿಗ್ಗಿದನು. ಹಳೆಯ ಪುರೋಹಿತನು ಮಾತ್ರ ತಲೆಯಾಡಿಸಿದನು. ಕೆಲವೇ ದಿನಗಳಲ್ಲಿ ಓಲೆ ಬಂದಿತು. ೧೮೫೮ರ ಮೇ ತಿಂಗಳಲ್ಲಿ, ಮದರಾಸಿನ ಕಡೆಗೆ ಒಯ್ಯುತ್ತಿದ್ದಾಗ, ಅಂಬೂರಿನ ಬಳಿಯ ಬೀಡಿನಲ್ಲಿ ರಾಜನು ಗುಂಡೇಟಿನಿಂದ ಸತ್ತಿದ್ದನು.

ಬೆಂಗಾವಲಿನ ಅಧಿಕಾರಿಯು ಬಿಚ್ಚಿಟ್ಟ ಪಿಸ್ತೂಲನ್ನು ತೆಗೆದುಕೊಂಡು ತಾನೇ ಹೊಡೆದುಕೊಂಡನೆಂದು ಸರಕಾರದ ಕಾಗದವು ಹೇಳುತ್ತದೆ. ಅಲ್ಲ, ಬ್ರಿಟಿಷರೇ ಕೊಂದರು ಎಂದು ಸುರಪುರದ ಸೀಮೆಯ ಜನರು ಹೇಳುತ್ತ ಬಂದಿದ್ದಾರೆ. ಪಿಸ್ತೂಲಿನ ಕುದುರೆಯನ್ನು ಎಳೆದ ಬೆರಳು ಯಾರದ್ದೆಂಬುದನ್ನು ಇಂದು ಬೆಟ್ಟದ ಮೇಲೆ ನಿಂತು ತೀರ್ಮಾನಿಸಲಾಗದು. ಶಹಾಪುರದ ಬೆಟ್ಟಸಾಲಿನಂತೆಯೇ ಇದು. ಬಂಗಲೆಯಲ್ಲಿ ನಿಂತರೆ ಪ್ರೀತಿಯ ಪಾಲಕನೊಬ್ಬನ ದುಃಖವು ಕಾಣುತ್ತದೆ; ಕೆಳಗಿನ ಊರಿನಲ್ಲಿ ನಿಂತರೆ ಪರರಿಗೆ ಬಲಿಯಾದ ಇಪ್ಪತ್ತನಾಲ್ಕರ ಹರೆಯದ ವೀರನು ಕಾಣುತ್ತಾನೆ. ಎರಡೂ ಒಂದೇ ಬೆಟ್ಟದ ಕಥೆಗಳು. ಒಂದನ್ನು ಇಂಗ್ಲಿಷಿನ ಪುಸ್ತಕವು ಉಳಿಸಿತು. ಇನ್ನೊಂದನ್ನು ಜನರ ಬಾಯಿ ಉಳಿಸಿತು. ಪುಸ್ತಕವನ್ನು ಓದಿ ಬಂದವರು ಊರಿನವರ ಮಾತನ್ನೂ ಕೇಳದೆ ಹೋಗಬಾರದು.

೧೮೬೦ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ, ಬಂಡಾಯದ ಕಾಲದಲ್ಲಿ ತೋರಿದ ನಿಷ್ಠೆಯ ಉಡುಗೊರೆಯಾಗಿ ಕೊಟ್ಟುಬಿಟ್ಟರು. ಅದೇ ವರ್ಷ ಟೇಲರನೂ ಭಾರತವನ್ನು ಬಿಟ್ಟನು. ಅವನು ೧೮೭೬ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡನು. ಆತ್ಮಕಥೆಯು ಮರುವರ್ಷ ಹೊರಬಂದಿತು. ಸುರಪುರವಾದರೋ ೧೯೪೮ರವರೆಗೆ ನಿಜಾಮನ ಆಳಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಕನ್ನಡ ನಾಡಿನ ಭಾಗವಾಯಿತು. ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳನ್ನು ಬೇರ್ಪಡಿಸಿ ೨೦೦೯ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು.

ಕಲ್ಲುಗಳು ಕಾಣುವ ದೂರ

ಇಷ್ಟು ಕೇಳಿದ ಮೇಲೆ ಬೆಟ್ಟದ ಅಂಚಿಗೆ ಬಂದು ಸುತ್ತಲೂ ನೋಡಬೇಕು. ರಾಜರ ಕಥೆಯೇ ಇಲ್ಲಿಯ ಹಳೆಯ ಕಥೆಯಲ್ಲ.

ಇದನ್ನು ಮೊದಲು ಗುರುತಿಸಿದವನೂ ಟೇಲರನೇ. ಕಚೇರಿಯ ಕಾಗದಗಳಿಂದ ಬಿಡುವು ಸಿಕ್ಕಾಗ ಅವನು ಕುದುರೆಯೇರಿ ಸುತ್ತಾಡಿ, ಹೊಲಗಳ ನಡುವೆ ನಿಂತಿದ್ದ ವಿಚಿತ್ರ ಕಲ್ಲುಗಳ ಚಿತ್ರ ಬರೆದುಕೊಂಡನು, ಕೆಲವು ಗೋರಿಗಳನ್ನು ಅಗೆಸಿ ನೋಡಿದನು. ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಮನೆಗಳು ಇವೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಬಂಡೆಗಳನ್ನು ಸಾಲುಸಾಲಾಗಿ, ಅಳತೆ ತಪ್ಪದಂತೆ ಹೂಡಿದ ಬಯಲಿದೆ. ಸೂರ್ಯನ ಉದಯಾಸ್ತಗಳ ದಿಕ್ಕಿಗೂ ಈ ಸಾಲುಗಳಿಗೂ ನಂಟಿದೆಯೆಂದು ಖಗೋಳಶಾಸ್ತ್ರಜ್ಞರು ಸೂಚಿಸಿದ್ದಾರೆ. ಕಬ್ಬಿಣದ ಯುಗದ ಈ ಜನರು ಸುರಪುರದ ನಾಯಕರಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದಿನವರು.

ಅವರಿಗಿಂತ ಹಿಂದೆ, ಬೂದಿಹಾಳದಲ್ಲಿ ದನಗಾಹಿಗಳು ನೆಲೆಸಿದ್ದರು. ಅವರ ದೊಡ್ಡಿಯ ಸಗಣಿಯ ರಾಶಿಯು ಸುಟ್ಟು ಗಟ್ಟಿಯಾದ ಬೂದಿದಿಬ್ಬವನ್ನು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯನವರು ಅಗೆದು, ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಬಾಳನ್ನು ಬೆಳಕಿಗೆ ತಂದರು. ಹುಣಸಗಿಯ ಕಣಿವೆಯ ಇಸಾಂಪುರದಲ್ಲಿ ಅವರಿಗೆ ದೊರೆತದ್ದು ಇನ್ನೂ ಅಚ್ಚರಿಯದು. ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಕೊಡಲಿಗಳನ್ನು ಮಾಡುತ್ತಿದ್ದ ಕಲ್ಲುಗಣಿಯದು. ಅದರ ಕಾಲವು ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು ಮಾಡಲಾಗಿದೆ. ಅಂದರೆ ಈ ನೆಲದಲ್ಲಿ ಮನುಷ್ಯನು ಕಲ್ಲನ್ನು ಕೈಗೆತ್ತಿಕೊಂಡು ಕೆಲಸ ಮಾಡಿದ್ದು, ಅವನಿಗೆ ಮನೆಯಾಗಲಿ ಹೊಲವಾಗಲಿ ಇಲ್ಲದ ಕಾಲದಿಂದ!

ಇದೇ ಸೀಮೆಯ ಮುದನೂರಿನಲ್ಲಿ ನೇಕಾರ ದೇವರ ದಾಸಿಮಯ್ಯನು ರಾಮನಾಥನ ಹೆಸರಿನಲ್ಲಿ ವಚನಗಳನ್ನು ನುಡಿದನು. ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನ ಗದ್ದುಗೆಗೆ ಹಿಂದೂ ಮುಸ್ಲಿಮರೆನ್ನದೆ ಜನರು ತಲೆಬಾಗುತ್ತಾರೆ. ಬೋನಾಳದ ಕೆರೆಗೆ ಚಳಿಗಾಲದಲ್ಲಿ ಪರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಅದು ಈಗ ಪಕ್ಷಿಧಾಮ.

ನಾಡಿನ ಬಣ್ಣವೂ ಬದಲಾಗಿದೆ. ೧೯೮೨ರಲ್ಲಿ ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡ ಬಳಿಕ, ಎಡದಂಡೆ ಕಾಲುವೆಯ ನೀರು ಈ ತಾಲೂಕುಗಳ ಹೊಲಗಳಿಗೆ ಹರಿಯಿತು. ಮಳೆಗಾಗಿ ಮುಗಿಲು ನೋಡುತ್ತಿದ್ದ ಬಯಲಿನಲ್ಲಿ ಬತ್ತದ ಗದ್ದೆಗಳ ಹಸಿರು ಕಣ್ಣಿಗೆ ಬೀಳುತ್ತದೆ. ರೈತನಿಗೆ ಬಂದ ಈ ಭಾಗ್ಯವನ್ನು ಕಂಡು ಯಾರಿಗೆ ಸಂತೋಷವಾಗದು? ಆದರೆ ನೆಲದ ಬೆಲೆ ಏರಿದಲ್ಲೆಲ್ಲ ಹಳೆಯ ಕಲ್ಲುಗಳಿಗೆ ಕೇಡು ಕಾದಿರುತ್ತದೆ. ಹೊಲವನ್ನು ಸಮಮಾಡುವವನಿಗೆ ನಡುವೆ ನಿಂತ ಬಂಡೆಯು ತೊಡಕು. ಮನೆ ಕಟ್ಟುವವನಿಗೆ ಬಿದ್ದ ಕೋಟೆಯ ಗೋಡೆಯು ಪುಕ್ಕಟೆಯ ಕಲ್ಲು. ಬೆಟ್ಟ ಹತ್ತಿದ ಹುಡುಗನಿಗೆ ನುಣುಪಾದ ಗೋಡೆಯು ತನ್ನ ಹೆಸರನ್ನು ಗೀಚುವ ಹಲಗೆ. ಇವರಲ್ಲಿ ಯಾರೂ ದುಷ್ಟರಲ್ಲ. ಆ ಕಲ್ಲು ಏನೆಂಬುದನ್ನು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ. ಊರಿನ ಶಾಲೆಯ ಉಪಾಧ್ಯಾಯರು ವರ್ಷಕ್ಕೊಮ್ಮೆ ಮಕ್ಕಳನ್ನು ಈ ಬೆಟ್ಟಕ್ಕೆ ಕರೆತಂದು, ವಾಗಣಗೇರಿಯ ದಿಕ್ಕನ್ನು ತೋರಿಸಿ, ಇಲ್ಲಿ ಬೆಳೆದ ಬಾಲರಾಜನ ಕಥೆಯನ್ನು ಹೇಳಿದರೆ, ಕಾವಲುಗಾರನಿಲ್ಲದೆಯೂ ಅರ್ಧ ಕಲ್ಲುಗಳು ಉಳಿದಾವು.

ಸೂರ್ಯನು ಇಳಿಯುವ ಹೊತ್ತು. ಬಿಸಿಲಿಗೆ ಕಾದ ಬಂಡೆಯು ಕುಳಿತವರ ಅಂಗೈಗೆ ಇನ್ನೂ ಬೆಚ್ಚಗೆ ತಾಗುತ್ತದೆ. ಕೆಳಗೆ ಊರಿನಲ್ಲಿ ಒಂದೊಂದಾಗಿ ದೀಪಗಳು ಹತ್ತುತ್ತವೆ. ಮಸೀದಿಯ ಕರೆಯೂ ಗುಡಿಯ ಗಂಟೆಯೂ ಗುಡ್ಡಗಳಿಗೆ ತಾಗಿ ಮೇಲೇರುತ್ತವೆ. ನಾಯಕರಿಲ್ಲ, ಬಾದಶಹನಿಲ್ಲ, ಟೇಲರನಿಲ್ಲ. ‘ಅಪ್ಪಾ’ ಎಂದು ಕರೆದ ಆ ಹುಡುಗನು ಬಹುಶಃ ಇದೇ ಹಾದಿಯಲ್ಲಿ ಓಡಿ ಬೆಟ್ಟವನ್ನು ಹತ್ತಿದ್ದನು.

ಮುಂದಿನ ಸಲ ರೈಲಿನಲ್ಲಿ ಈ ದಾರಿಯಾಗಿ ಹೋಗುವ ವಾಚಕರು ಯಾದಗಿರಿಯಲ್ಲಿ ಇಳಿಯಲಿ. ಎರಡು ದಿನ ಸಾಕು. ಶಹಾಪುರದ ಬುದ್ಧನನ್ನು ದೂರದಿಂದ ನೋಡಿ, ಸುರಪುರದ ಬೆಟ್ಟವನ್ನು ಹತ್ತಿರದಿಂದ ನೋಡಿ ಬರಲಿ. ನೀರಿನ ಬಾಟಲಿಯೊಂದು ಕೈಯಲ್ಲಿರಲಿ, ಬೆಳಗಿನ ಹೊತ್ತೇ ಹತ್ತಲಿ. ಇಲ್ಲಿಯ ಮಧ್ಯಾಹ್ನದ ಬಿಸಿಲು ಅತಿಥಿಯೆಂದು ಯಾರಿಗೂ ರಿಯಾಯಿತಿ ತೋರುವುದಿಲ್ಲ.